ಬಾಕಿ ಚಿಲ್ಲರೆ

ಪಾವಗಡದಿಂದ ಹೊರಟಾಗ ಮೂವತ್ತೆಂಟು ಜನ,
ಮಧುಗಿರಿಯಲ್ಲಿ ಎಣಿಕೆ ತಪ್ಪಿತು.
ಆಧಾರ್ ತೋರಿಸಮ್ಮ, ಬಾಗಿಲಲ್ಲಿ ನಿಲ್ಲಬೇಡಿ,
ಐನೂರಕ್ಕೆ ಎಲ್ಲಿಂದ ತರಲಿ ಸ್ವಾಮಿ,
ಮುಂದೆ ಹೋಗ್ರೀ, ಮುಂದೆ, ಮುಂದೆ.
ಕೊರಟಗೆರೆ ದಾಟುವಷ್ಟರಲ್ಲಿ
ಬಾಯಲ್ಲಿದ್ದ ಒಳ್ಳೆ ಮಾತೆಲ್ಲ ಬಿಕರಿ.

ರಾತ್ರಿ, ಕ್ಯಾತ್ಸಂದ್ರದ ಮನೆ.
ಓಬಳೇಶ ಅಂತರಸನಹಳ್ಳಿಯ ಶೆಡ್ಡಿನಿಂದ
ಕಣ್ಣಲ್ಲಿ ವೆಲ್ಡಿಂಗಿನ ಕೆಂಪು ಹೊತ್ತು ಬಂದು ಕೂತಿದ್ದ.
ಕೇಳಿದ್ದು ಇಷ್ಟೇ:
"ಗ್ಯಾಸ್ ಬುಕ್ ಮಾಡಿದ್ಯಾ?"
ನಾನು ಅಂದದ್ದು:
"ಎಲ್ಲಾ ನಾನೇ ಮಾಡ್ಬೇಕಾ? ಮುಂದೆ ಹೋಗ್ರೀ!"

ಹನ್ನೊಂದು ವರ್ಷ ಹೋಗೋ ಬಾರೋ ಅಂದವನಿಗೆ
ಅವತ್ತು ಬಹುವಚನ.
ಆ ಅಡುಗೆಮನೆಯಲ್ಲಿ ಮುಂದೆ ಹೋಗಲು
ಒಲೆ ಬಿಟ್ಟರೆ ಏನೂ ಇರಲಿಲ್ಲ.
ಬೇರೆ ದಿನವಾಗಿದ್ದರೆ ನಗುತ್ತಿದ್ದೆವು.
ಅವನು ಉಂಡು, ಒಂದೂ ಸದ್ದಾಗದಂತೆ ತಟ್ಟೆ ತೊಳೆದಿಟ್ಟ.
ಸ್ಟೀಲು ತಟ್ಟೆ.

ಮಾತಾಡಿಸಬೇಕು ಅನ್ನಿಸಿತು.
ಬಾಯಿ ತೆರೆದರೆ ಇನ್ನೊಂದು ಸಿಡುಕೇ ಬರುತ್ತದೆಂದೂ ಗೊತ್ತಿತ್ತು.
ಚೀಲದಲ್ಲಿ ಒಂದು ನಾಣ್ಯವೂ ಇಲ್ಲದ ದಿನ
ಪ್ಯಾಸೆಂಜರಿಗೆ ನಾವು ಮಾಡುವುದೇನು?
ಟಿಕೆಟ್ಟಿನ ಬೆನ್ನಿಗೆ ಬರೆದುಕೊಡುತ್ತೇವೆ: ಹದಿನಾಲ್ಕು.
ಕೆಳಗೊಂದು ಗೀರು. ಇಳಿಯುವಾಗ ಕೇಳಿ.
ಇಲ್ಲ ಅಂತಲ್ಲ, ಈಗಿಲ್ಲ.
ಜಗಳಕ್ಕೇ ಹತ್ತಿದವರೂ ಅದನ್ನು ಮಡಿಸಿ ಜೇಬಿಗಿಟ್ಟು
ಕಿಟಕಿಯಾಚೆ ನೋಡತೊಡಗುತ್ತಾರೆ.
ಬಿಸಿಲು ತಾಗಿದರೆ ಮಿಷನ್ನಿನ ಅಕ್ಷರ ಮಾಸುತ್ತದೆ,
ಪೆನ್ನಿನ ಬಾಕಿ ಉಳಿಯುತ್ತದೆ.

ಚೀಲದ ತಳದಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟೊಂದಿತ್ತು,
ಯಾರೋ ಅಜ್ಜಿ ಬೇಡವೆಂದು ಬಿಟ್ಟು ಇಳಿದದ್ದು.
ಅದರ ಬೆನ್ನಿಗೆ ಬರೆದೆ:
ಬಾಕಿ, ಒಂದು ಒಳ್ಳೆ ಮಾತು.
ಇವತ್ತು ಚಿಲ್ಲರೆ ಇಲ್ಲ. ತಪ್ಪು ನಿಂದಲ್ಲ.
ಗೀರು ಎಳೆದು, ಅವನ ಫೋನಿನ ಕೆಳಗಿಟ್ಟು, ಮಲಗಿದೆ.

ಬೆಳಗಿನ ನಾಲ್ಕೂವರೆಗೆ ಡಿಪೋಗೆ ಹೊರಟವಳು
ಚಪ್ಪಲಿ ಹುಡುಕುತ್ತಿದ್ದೆ.
ಲುಂಗಿ ಸರಿಮಾಡಿಕೊಳ್ಳುತ್ತ ಎದ್ದು ಬಂದವನು
ಹೊಸ್ತಿಲಲ್ಲಿ ಅಡ್ಡ ನಿಂತು ಕೈ ಚಾಚಿದ:
"ಮೇಡಂ, ಚಿಲ್ಲರೆ."

ರಾತ್ರಿಯೆಲ್ಲ ಹೊಂದಿಸಿಟ್ಟಿದ್ದ ಮಾತು
ಒಂದೂ ನೆನಪಾಗಲಿಲ್ಲ.
"ಗ್ಯಾಸ್ ಬುಕ್ ಮಾಡಿಲ್ಲ ಕಣೋ," ಅಂದೆ. "ಮರ್ತೇಬಿಟ್ಟಿದ್ದೆ."

ಟಿಕೆಟ್ಟನ್ನು ಬಲ್ಬಿಗೆ ಹಿಡಿದು ತಿರುಗಿಸಿ ನೋಡಿದ.
"ಇದ್ರಲ್ಲಿ ಇನ್ನೂ ಉಳಿದಿದೆ," ಅಂದ.
ಮಡಿಸಿ ಮತ್ತೆ ಜೇಬಿಗೆ ಹಾಕಿಕೊಂಡ.