ಎಪ್ಪತ್ತೊಂದು ಹದಿನೇಳು

ತೀನ್ ಕಂದೀಲಿನ ಹಿಂದಿನ ಗಲ್ಲಿ, ಎರಡನೇ ಮಹಡಿ.
ಚಾಂದಪಾಷಾ ಸ್ಯಾಂಪಲ್ ಪೆಟ್ಟಿಗೆಯನ್ನು
ನನ್ನ ಮೇಜಿನ ಮೇಲೆ ಬೋರಲು ಹಾಕಿದ:
ಜುಮಕಿ, ಕಾಲುಂಗುರ, ಹೇರ್‌ಪಿನ್ನು, ತುರುಬಿನ ಬಿಲ್ಲೆ,
ಒಂದು ಡಜನ್ ನವಿಲು, ಎಲ್ಲವೂ ಒಕ್ಕಣ್ಣಿನವು.
‘ಕಂಟೇನರ್ ಮದ್ರಾಸಿನಾಗ ನಿಂತದರಿ ಅಂಬಮ್ಮ ಮೇಡಂ,
ದಿನಾ ಬಾಡಿಗಿ ಏರಲಿಕ್ಕತ್ತದ.
ಲಗೂನ ಒಂದೊಂದಕ್ಕ ಒಂದೊಂದು ನಂಬರ್ ಹಚ್ಚಿ ಕೊಡ್ರಿ.’

ನಂಬರ್ ಹಚ್ಚುವುದು ನನ್ನ ಕಸುಬು.
ಕೂದಲಿಗೆ ಸಿಕ್ಕಿಸುವುದು ತೊಂಬತ್ತಾರು ಹದಿನೈದು.
ಬಿಡಿ ಗಾಜಿನ ಮಣಿ ಎಪ್ಪತ್ತು ಹದಿನೆಂಟು,
ಅದೇ ಮಣಿಯನ್ನು ಕೊರಳಿಗೆ ಬೀಳುವಂತೆ ಪೋಣಿಸಿಬಿಟ್ಟರೆ
ಅಧ್ಯಾಯವೇ ಬದಲು.
ದಾರಕ್ಕೆ ಅಷ್ಟು ಶಕ್ತಿಯುಂಟು,
ನಮ್ಮ ಕಡೆಯ ಹೆಂಗಸರಿಗೆ ಇದು ಹಳೆಯ ಸುದ್ದಿ.

ಅಸಲಿ ಒಡವೆಗೆ ಎಪ್ಪತ್ತೊಂದು ಹದಿಮೂರು,
ನಕಲಿಗೆ ಎಪ್ಪತ್ತೊಂದು ಹದಿನೇಳು.
ನಡುವೆ ನಾಲ್ಕೇ ಹೆಜ್ಜೆ.
ಪುಸ್ತಕ ಹೇಳುತ್ತದೆ:
ಚಿನ್ನವು ಬರೀ ಲೇಪವಾಗಿಯೋ
ಅತ್ಯಲ್ಪ ಭಾಗವಾಗಿಯೋ ಇದ್ದರೆ
ವಸ್ತು ನಕಲಿಯೇ.

ಅಪ್ಪ ಹಟ್ಟಿ ಗಣಿಯಲ್ಲಿ
ಇಪ್ಪತ್ತೆಂಟು ವರ್ಷ ಕತ್ತಲಿಗೆ ಇಳಿದವನು.
ಟನ್ನುಗಟ್ಟಲೆ ಕಲ್ಲು ಅರೆದರೆ ಉಗುರಿನಷ್ಟು ಬಂಗಾರ.
ಪಾಳಿ ಮುಗಿಸಿ ಮೇಲೆ ಬಂದರೆ
ಬಾಯಿ ತೆಗಿ, ಮುಷ್ಟಿ ಬಿಚ್ಚು, ಬೂಟು ಕೊಡವು.
ಕೆಮ್ಮು ಮಾತ್ರ ಸಲೀಸಾಗಿ ಗೇಟು ದಾಟಿ ಮನೆಗೆ ಬಂತು.
ಅವ್ವನ ಕೊರಳಲ್ಲಿದ್ದದ್ದು ತಾಮ್ರದ ಸರ.
ವರ್ಷಕ್ಕೊಮ್ಮೆ ಲಿಂಗಸುಗೂರಿಗೆ ಹೋಗಿ
ಬಂಗಾರದ ನೀರು ಕುಡಿಸಿಕೊಂಡು ಬರುವಳು.
‘ಹಟ್ಟಿಯಾಕಿ ಕೊಳ್ಳಾಗ ಇದೇನಬೇ?’ ಎಂದು ನಕ್ಕವರಿಗೆ
‘ಅಸಲಿದು ನನ ಗಂಡನ ಎದಿಯಾಗದ’ ಅನ್ನುವಳು.
ಡಾಕ್ಟರೂ ಎಕ್ಸ್‌ರೇ ನೋಡಿ
ಹೆಚ್ಚು ಕಡಿಮೆ ಅದನ್ನೇ ಹೇಳಿದ.

ಇರಲಿ. ಈಗ ಈ ಕಡಗ.
ಹಿತ್ತಾಳೆಯ ಪಟ್ಟಿ, ಪ್ಲಾಸ್ಟಿಕ್ ಮುತ್ತು, ರೇಷ್ಮೆಯ ಗೊಂಡೆ.
ಮೂರು ಕೂಡಿದ್ದರೆ ಕೇಳಲೇಬೇಕು:
ಇದರ ಮೂಲ ಗುಣ ಬಂದದ್ದು ಯಾವುದರಿಂದ?
ತೂಕ ಹಿತ್ತಾಳೆಯದು, ದರ ಗೊಂಡೆಯದು,
ಕಣ್ಣು ಹೋಗಿ ಕೂರುವುದು ಮುತ್ತಿನ ಮೇಲೆ.
ಹಿತ್ತಾಳೆ ಎಂದು ಬರೆದೆ.
ಕಾಟು ಹಾಕಿದೆ.
ಮತ್ತೆ ಹಿತ್ತಾಳೆ ಎಂದೇ ಬರೆದೆ.

ಚಾಂದನ ಅಜ್ಜಿ ಖಾಸಿಂಬಿ
ದೇವದುರ್ಗದ ಹಳ್ಳಿಗಳಲ್ಲಿ ಮಲಾರ ಹೊತ್ತು ತಿರುಗಿದವಳು.
ಕೈ ಹಿಚುಕಿಯೇ ಅಳತೆ ಹೇಳುವಳಂತೆ,
ಜೊತೆಗೆ ತಿಂಗಳೆಷ್ಟು ತುಂಬಿದೆ ಎಂಬುದನ್ನೂ.
ಅವಳಿಗೆ ಪುಸ್ತಕ ಬೇಕಿರಲಿಲ್ಲ.
ಮೊಮ್ಮಗನಿಗೆ ಚೀನಾದ ಬಿಲ್ಲು, ನಾನು, ನನ್ನ ಕನ್ನಡಕ.

ಮಧ್ಯಾಹ್ನ ಮದ್ರಾಸಿನಿಂದ ಪ್ರಶ್ನೆ ಬಂತು:
‘ಸಣ್ಣ ಬಳೆ, ಎರಡು ಸಾವಿರ ಜೊತೆ.
ಆಟಿಕೆಯೋ ಆಭರಣವೋ? ಕೂಡಲೇ ತಿಳಿಸುವುದು.’
ಆಟಿಕೆಯಾದರೆ ಸುಂಕ ಚರ್ಮ ಸುಲಿಯುತ್ತದೆ.
ಚಾಂದ ನೀರು ಕುಡಿದ, ಫ್ಯಾನು ಜೋರು ಮಾಡಿದ.

ಕೆಳಗಿನ ಜೆರಾಕ್ಸ್ ಅಂಗಡಿಯ ಶೇಖಮ್ಮನ ಮಗಳನ್ನು ಕರೆದೆ.
ನಾಲ್ಕು ವರ್ಷ, ಮೂಗಿನಲ್ಲಿ ಸುಂಬಳ.
ಒಂದು ಜೊತೆ ಕೈಗಿಟ್ಟೆ.
ಹುಡುಗಿ ಎಡಗೈಗೆ ಒಂದನ್ನು ಏರಿಸಿಕೊಂಡಳು,
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು,
ಬೀರುವಿನ ಗಾಜಿನ ಮುಂದೆ ನಿಂತು
ಅವರವ್ವ ಸಂಬಳದ ದಿನ ನಿಲ್ಲುವ ಹಾಗೆ ಸೊಂಟ ಓರೆ ಮಾಡಿದಳು.
‘ನೋಡಿದ್ರೇನ್ರಿ!’ ಅಂದ ಚಾಂದ.
ಅನ್ನುವಷ್ಟರಲ್ಲಿ ಇನ್ನೊಂದನ್ನು ಮೆಟ್ಟಿಲ ಮೇಲೆ ಗಾಲಿ ಮಾಡಿ ಬಿಟ್ಟಳು.
ಅದು ಟಣ್, ಟಣ್, ಟಣ್ ಎಂದು ಇಳಿದು
ಬಾಗಿಲು ದಾಟಿ ರಸ್ತೆಗೆ ಹೋಯಿತು.
ಹಿಂದೆ ಹುಡುಗಿ, ಅವಳ ಹಿಂದೆ ಚಾಂದಪಾಷಾ,
ಬರಿಗಾಲಲ್ಲಿ.

ಕಿಟಕಿಯಿಂದ ಬಗ್ಗಿ ನೋಡಿದೆ.
ಆಟೋ ಒಂದು ತಡೆದು ನಿಂತಿತ್ತು.
ಹುಡುಗಿ ಎಡಗೈ ಎತ್ತಿ ಅದನ್ನು ನಿಲ್ಲಿಸಿದ್ದಳು.
ಆ ಕೈಯನ್ನಷ್ಟೇ ನೋಡಿ
ಬಂದು ಟೈಪು ಮಾಡಿದೆ: ಆಭರಣ.
ಸ್ಯಾಂಪಲ್ ಪಟ್ಟಿಯಲ್ಲಿ ಒಂದು ಜೊತೆ ಕಡಿಮೆ.
ಕಾರಣ ಎಂಬ ಖಾನೆ
ಇನ್ನೂ ಖಾಲಿ ಇದೆ.