ಎಷ್ಟು ತಿಂಗಳ ಸೌದೆ

ಹೆರ್ನೊಸಾಂಡಿನ ಹೊಗೆಗೂಡುಗಳನ್ನು
ಮೂವತ್ತೆಂಟು ವರ್ಷ ಗುಡಿಸಿದವನು ನಾನು, ಟೊರ್ಗ್ನಿ.
ಮಾಡಿನ ಮೇಲಿನ ಹೊಗೆ ಏನು ಬೇಕಾದರೂ ಹೇಳುತ್ತದೆ;
ನಾನು ಕೇಳುವುದು ಮಸಿಯನ್ನು.

ಸಿಗ್‌ಬ್ರಿಟ್ ನನಗೆ ಹೇಳದೆ ಷೇರು ಕೊಂಡಿದ್ದಾಳೆ,
ಎರಡು ಸಾವಿರದ ಮುನ್ನೂರು.
ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆಯೆಂದು
ಕಿವಿಗೊಟ್ಟು ಹೇಳುವ ಯಂತ್ರವಂತೆ.
ನಾಲ್ಕು ವರ್ಷದ ಕಂಪನಿ, ಲಾಭದ ಕಾಸು ಕಂಡಿಲ್ಲ.

ವರದಿಯ ಮೊದಲ ಹತ್ತು ಪುಟ ಬರೀ ಹೊಗೆ:
ನಗುವ ಎಂಜಿನಿಯರುಗಳು, ಮೇಲೇರುವ ನೀಲಿ ಬಾಣ.
ನಾನು ಹಿಂದಿನಿಂದ ಓದುತ್ತೇನೆ.

ಬ್ಯಾಂಕಿನಲ್ಲಿ ನಾಲ್ಕು ಕೋಟಿ ಇಪ್ಪತ್ತು ಲಕ್ಷ ಕ್ರೋನ.
ತಿಂಗಳಿಗೆ ಉರಿಯುವುದು ಮೂವತ್ತೈದು ಲಕ್ಷ.
ಹನ್ನೆರಡು ತಿಂಗಳ ಸೌದೆ, ಅಂದುಕೊಂಡೆ.
ಇಪ್ಪತ್ತೊಂದನೆಯ ಪುಟದ ಅಡಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ,
ಸೆಪ್ಟೆಂಬರಿಗೆ ತೀರಿಸಬೇಕಾದ ಸಾಲ:
ಎಂಬತ್ತೇಳೂವರೆ ಲಕ್ಷ.
ಹಾಗಾದರೆ ಒಂಬತ್ತೂವರೆ.
ಪೆನ್ಸಿಲಿನ ಮೊನೆ ಮುರಿಯಿತು.

ಮಾರಾಟ ಇಮ್ಮಡಿಯಾಗಿದೆ, ನಿಜ;
ಬರಬೇಕಾದ ಬಾಕಿ ಮುಮ್ಮಡಿ.
ಅರ್ಧಕ್ಕರ್ಧ ಯಂತ್ರ ಕೊಂಡದ್ದು ಒಂದೇ ಪುರಸಭೆ.
ಷೇರುಗಳು ಮಾತ್ರ ಎರಡು ಸಲ ಮರಿ ಹಾಕಿವೆ:
ಅದೇ ಬ್ಲೂಬೆರಿ ಸಾರಿಗೆ ನೀರು ಹೊಯ್ದು
ಇನ್ನೂ ಹದಿನೈದು ಬಟ್ಟಲಿಗೆ ಬಡಿಸಿದ್ದಾರೆ.
ಸೌದೆ ಮುಗಿದರೆ
ಮತ್ತೆ ನೀರನ್ನೇ ಹೊಯ್ಯುತ್ತಾರೆ.

ಇದನ್ನೆಲ್ಲ ಸಿಗ್‌ಬ್ರಿಟ್‌ಗೆ ಕೂಗಿ ಹೇಳಬೇಕು;
ಎಡಗಿವಿ ಹೋಗಿದೆ, ಬಲಗಿವಿ ಅರ್ಧ.
ಅವಳೆಂದಳು: ಗ್ರಂಥಾಲಯದ ಮುಂದೆ ಆ ಹುಡುಗಿ
ತನ್ನ ಹೆಡ್‌ಫೋನು ತೆಗೆದು ನನಗೆ ಹಾಕಿದಳು.
ಬೀದಿಯಡಿ ನೀರು ಓಡುತ್ತಿತ್ತು, ಟೊರ್ಗ್ನಿ.
ನನಗೆ ಕೇಳಿಸಿತು.

ಇದನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಎರಡು ವಾರಕ್ಕೆ ವಾರ್ಷಿಕ ಸಭೆ. ದಾಲ್ಚಿನ್ನಿ ಬನ್ನು, ಹನ್ನೊಂದು ಜನ.
ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ:
ಎಷ್ಟು ತಿಂಗಳಿಗಿದೆ?
ಆಡಿಟರು ಕಾಗದ ತಿರುವಿದ.
ಅಧ್ಯಕ್ಷರು ನೀರು ಕುಡಿದರು.
ಆ ಹುಡುಗಿ, ಎಲಿನೂರ್,
ಯಾವ ಕಾಗದವನ್ನೂ ನೋಡದೆ ಅಂದಳು: ಒಂಬತ್ತು.
ಆಮೇಲೆ, ಸ್ವಲ್ಪ ತಡೆದು: ಬಾಕಿ ಬಂದರೆ ಹನ್ನೊಂದು.
ಬರುತ್ತದೆಂದು ಹೇಳಲಾರೆ.

ಮೂವತ್ತೆಂಟು ವರ್ಷ ಮನೆಮನೆಯಲ್ಲಿ ಕೇಳಿದ್ದೇನೆ,
ಕೊನೆಯ ಸಲ ಗುಡಿಸಿದ್ದು ಯಾವಾಗ ಎಂದು.
ಹೋದ ವರ್ಷ, ಅನ್ನುತ್ತಾರೆ ಎಲ್ಲರೂ,
ನನ್ನ ಬೊಗಸೆಯ ತುಂಬ ಅವರದೇ ಮಸಿ ಇರುವಾಗ.

ಅರ್ಧ ಮಾರಿದೆವು.
ಉಳಿದರ್ಧ ಸಿಗ್‌ಬ್ರಿಟ್‌ಳ ಹೆಸರಿನಲ್ಲೇ ಇದೆ.
ಆಗಸ್ಟ್ ಇಪ್ಪತ್ತೆರಡಕ್ಕೆ ಮುಂದಿನ ವರದಿ;
ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.