ಕೈಗೆ ಗೊತ್ತಿತ್ತು

ಕಣ್ಣು ಕಟ್ಟಿ ಕೈಗೆ ಕೊಟ್ಟರೂ ಹೇಳುತ್ತೇನೆ
ಇದು ಬಯಲಲ್ಲಿ ಮೇದ ಕುರಿಯದು, ಇದು ಕೊಟ್ಟಿಗೆಯದು.
ಮೂವತ್ತೆರಡು ವರ್ಷ, ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂಬದಿ,
ಬೆಳಗಿನ ಐದಕ್ಕೆ ಮೊದಲ ಕೊಕ್ಕೆ.

ಒಳ್ಳೆಯ ಕಲೀಜಕ್ಕೆ ಮಾಗಿದ ನೇರಳೆಯ ಬಣ್ಣ.
ಹೆಬ್ಬೆಟ್ಟು ಒತ್ತಿದರೆ ತಗ್ಗಿ, ಬಿಟ್ಟರೆ
ಏನೂ ಆಗಿಲ್ಲವೆಂಬಂತೆ ಮೇಲೇಳುತ್ತದೆ.
ಅಂಚು ತೆಳು, ವೀಳ್ಯದೆಲೆಯ ಹಾಗೆ.

ಹಿಂಡಿ, ಜೋಳದ ನುಚ್ಚು ಸುರಿದು
ಆರು ತಿಂಗಳು ಗೂಟ ಬಿಡಿಸದೆ ಸಾಕಿದ ಟಗರಿನದು ಬೇರೆ:
ಮಾಸಲು, ಹಳದಿ ಮಣ್ಣಿನ ಬಣ್ಣ, ಅಂಚು ದುಂಡಗೆ,
ಕೊಯ್ದರೆ ಕತ್ತಿಗೆ ಜಿಡ್ಡು.
ಒರೆಸಿಕೊಂಡು ಮಾರಿದ್ದೇನೆ. ಯಾರೂ ಕೇಳಿಲ್ಲ.

ತಿರುಮಲೇಗೌಡನಿಗೆ ಮಾತ್ರ ಒಳ್ಳೆಯದನ್ನೇ ಎತ್ತಿಟ್ಟೆ.
ಆಲೂಗಡ್ಡೆ ಮಂಡಿಯವನು. ಮೂಟೆಯ ಬಾಯಿ ಬಿಚ್ಚದೆ
ಒಳಗೆ ಕೊಳೆತದ್ದು ಎಷ್ಟೆಂದು
ಮೂಗಿನಲ್ಲೇ ಹೇಳುತ್ತಿದ್ದ.
ಪ್ರತಿ ಭಾನುವಾರ ಅರ್ಧ ಕೇಜಿ.
"ಮಾಣಿಕಣ್ಣ, ಮೆಣಸು ಹಾಕಿ ಹುರಿದುಬಿಟ್ಟರೆ
ಕ್ವಾರ್ಟರು ಇಳಿದದ್ದೇ ಗೊತ್ತಾಗಲ್ಲ."
ಆಮೇಲಾಮೇಲೆ ಸೋಮವಾರಕ್ಕೂ ಭಾನುವಾರಕ್ಕೂ
ಅವನಲ್ಲಿ ವ್ಯತ್ಯಾಸ ಉಳಿಯಲಿಲ್ಲ.
ಹೊಟ್ಟೆ ಮುಂದೆ ಬಂತು; ಮಂಡಿಯವರು ಲಕ್ಷ್ಮೀಕಳೆ ಎಂದರು.
ತೋಳು ಸಣ್ಣಗಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಲ್ಲು ನೊಂದರೆ ಬೀದಿಗೆಲ್ಲ ಕೇಳಿಸುತ್ತದೆ.
ಇದು ಹಾಗಲ್ಲ, ಮೂಕ ಎತ್ತು.
ಹೇರಿದಷ್ಟನ್ನು ಎಳೆಯುತ್ತದೆ.
ಅದು ಮೊಣಕಾಲೂರಿದ ದಿನವೇ
ಯಜಮಾನನಿಗೆ ಬಂಡಿಯ ನೆನಪು.

ಅವನ ಕಣ್ಣು ಹಳದಿ ತಿರುಗಿದ್ದನ್ನು
ತಕ್ಕಡಿಯ ಈಚೆಯಿಂದ ಮೊದಲು ಕಂಡವನು ನಾನು.
ದೀಪಾವಳಿ ಕಳೆದ ವಾರ. ಅಂಗಡಿಯ ಬಲ್ಬಿನ ಬೆಳಕಿರಬೇಕು
ಅಂದುಕೊಂಡೆ. ಅಂದುಕೊಂಡು
ಐವತ್ತು ಗ್ರಾಂ ಹೆಚ್ಚಿಗೆ ಹಾಕಿದೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನು ತೋರಿಸಿದರು.
"ಗಾಯ ಒಣಗಿ ಕಲೆ ಉಳಿಯುತ್ತಲ್ಲ, ಹಾಗೆ.
ಇಲ್ಲಿ ಲಿವರೇ ಕಲೆಯಾಗಿದೆ. ಗಂಟುಗಂಟು."
ತಿರುಮಲೇಗೌಡ ನನ್ನ ಕಡೆ ತಿರುಗಿದ:
"ಇಂಥದ್ದು ನಿನ್ನ ಕೈಗೆ ಬಂದರೆ ಏನು ಮಾಡ್ತೀಯ?"
ಏನೋ ಒಂದು ಸುಳ್ಳು ಹೇಳಿದೆ.
ಅಂಗಡಿಯ ಮುಂದಿನ ನಾಯಿಗಳು ಕಣ್ಣಿಗೆ ಬಂದವು.

ಜೊತೆಗೆ ಹೋದವನು ನಾನು. ನನ್ನ ನಡು ನೋಡಿ
"ನೀವೂ ಒಂದು ಸಲ ಮಲಗಿ" ಎಂದರು.
"ಒಂದು ತೊಟ್ಟು ಮುಟ್ಟಿದವನಲ್ಲ ತಾಯಿ, ಭವಾನಿ ಆಣೆ."
ತಣ್ಣನೆಯ ಅಂಟು ಬಳಿದು ಪಕ್ಕೆಗೆ ಒತ್ತಿದರು.
ಪರದೆಯ ತುಂಬ ಬಿಳಿ ಮಂಜು,
ಶಿರಾಡಿ ಘಾಟಿನ ಬೆಳಗಿನಂತೆ.
"ಕೊಬ್ಬು. ಎರಡನೇ ದರ್ಜೆ."

ಮಾರಿ ಮಿಕ್ಕ ಚರ್ಬಿಯ ಸಾರು, ರಾತ್ರಿ ಹತ್ತಕ್ಕೆ ಪರೋಟ,
ದಿಮ್ಮಿಯ ಮುಂದೆ ಕೂತೇ ಕಳೆದ ಹಗಲು.
ಅವನದೊಂದು ದಾರಿ, ನನ್ನದೊಂದು,
ಹೋಗಿ ಸೇರುವ ಊರು ಒಂದೇ ಅಂತೆ.
"ನಿಮ್ಮದು ಇನ್ನೂ ಮೆತ್ತಗಿದೆ. ತೂಕ ಇಳಿಸಿದರೆ
ಮೊದಲಿನ ಹಾಗಾಗಬಹುದು."
ತೂಕ! ನನಗೆ ಹೇಳಿದರು, ತೂಕದ ಮಾತು.

ಬೆಳಿಗ್ಗೆ ಅಂಗಡಿಯಲ್ಲಿ ಕಲೀಜ ಎತ್ತಿಕೊಂಡಾಗ
ಕೈ ತಾನಾಗಿ ಪಕ್ಕೆಗೆ ಹೋಗುತ್ತದೆ.
ಒತ್ತಿದರೆ ಸಿಗುವುದು ಬನಿಯನ್ನು, ಅದರೊಳಗಿನ ನಾನು.
ಬಣ್ಣ ಕಾಣುವುದಿಲ್ಲ.

ಸಂಜೆ ಮಹಾರಾಜ ಪಾರ್ಕು.
ಹೊಟ್ಟೆಯ ನೀರು ತೆಗೆಸಿಕೊಂಡು, ಶಾಲು ಹೊದ್ದು
ಬೆಂಚಿನಲ್ಲಿ ಕೂತು ಅವನು ನನ್ನ ಸುತ್ತು ಎಣಿಸುತ್ತಾನೆ.
ಮಂಡಿಯ ಹಳೇ ಚಾಳಿ:
ಐದು ಸುತ್ತಿದರೆ ನಾಲ್ಕೆನ್ನುತ್ತಾನೆ.
ಜಗಳವಾಡದೆ
ಇನ್ನೊಂದು ಸುತ್ತು ಹೊರಡುತ್ತೇನೆ.